ಇಪ್ಪತ್ತರ ಗೆರೆಯ ಕೆಳಗಿನ ಶಾಲೆಗಳು

"ಮಕ್ಕಳೇ ಇಲ್ಲದ ಶಾಲೆಗೆ ಮಾಸ್ತರರ ಪಗಾರ ಯಾಕೆ?" ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಯಾವ ಚಹಾದಂಗಡಿಯಲ್ಲಿ ಕೂತರೂ, ಜಿಲ್ಲಾ ಪರಿಷತ್ ಶಾಲೆಯ ಮಾತು ಬಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಕೇಳುವವರು ಶಾಲೆಯ ವೈರಿಗಳಲ್ಲ. ಹೆಚ್ಚಿನವರು ಅದೇ ಶಾಲೆಯ ಪಡಸಾಲೆಯಲ್ಲಿ ಅಕ್ಷರ ಕಲಿತವರು. ಮಕ್ಕಳು ಕಡಿಮೆಯಾದರೆಂದರೆ ಶಾಲೆ ಕೆಟ್ಟಿದೆ, ಕೆಟ್ಟ ಶಾಲೆಯನ್ನು ದೊಡ್ಡದೊಂದು ಶಾಲೆಗೆ ಸೇರಿಸುವುದೇ ಜಾಣತನ ಎಂಬ ತರ್ಕ ಅವರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಅದನ್ನು ಯಾರೂ ತಿರುಗಿ ಪರೀಕ್ಷಿಸುವುದಿಲ್ಲ. ಸರ್ಕಾರವೂ ಇದೇ ತರ್ಕವನ್ನು ಕಡತಕ್ಕೆ ಏರಿಸಿತು. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಶಿಕ್ಷಣ ಆಯುಕ್ತರ ಕಚೇರಿ ಜಿಲ್ಲೆಗಳಿಗೆ ಪತ್ರ ಬರೆದು, ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ 'ಸಮೂಹ ಶಾಲೆ' ಮಾಡುವ ಪ್ರಸ್ತಾವಗಳನ್ನು ಕಳಿಸಿ ಎಂದಿತು. ಆಗ ರಾಜ್ಯದಲ್ಲಿ ಅಂಥ ಶಾಲೆಗಳು 14,783, ಅವುಗಳಲ್ಲಿ ಕಲಿಯುತ್ತಿದ್ದ ಮಕ್ಕಳು 1,85,467.

ಈ ತರ್ಕ ಬುಡದಲ್ಲೇ ತಪ್ಪು ಎಂದು ನಾನು ವಾದಿಸುತ್ತೇನೆ. ಹಾಜರಿ ಪುಸ್ತಕದ ಸಂಖ್ಯೆ ಶಾಲೆಯ ಗುಣದ ಅಳತೆಯಾಗಲಾರದು. ಆ ಸಂಖ್ಯೆ ಇಳಿದಿರುವುದಕ್ಕೆ ಬಹುಪಾಲು ಶಾಲೆಯ ಹೊರಗೆ ನಡೆದ ಸಂಗತಿಗಳು ಕಾರಣ, ಅವುಗಳಲ್ಲಿ ಹಲವು ಸರ್ಕಾರವೇ ಮಾಡಿದ ಕೆಲಸಗಳು. ತಾನು ಇಳಿಸಿದ ಸಂಖ್ಯೆಯನ್ನೇ ತಾನು ಸಾಕ್ಷಿಯಾಗಿ ತಂದು ನಿಲ್ಲಿಸಿ ಶಾಲೆಗೆ ಬೀಗ ಹಾಕುವುದು ಅನ್ಯಾಯ.

ಮೊದಲು ಇಂದಾಪುರದ ನೆಲವನ್ನು ನೋಡಬೇಕು. ಒಂದು ಕಡೆ ಭೀಮೆ, ಇನ್ನೊಂದು ಕಡೆ ನೀರೆ. ಎರಡೂ ನರಸಿಂಗಪುರದ ಹತ್ತಿರ ಕೂಡಿ, ಸೋಲಾಪುರ ಜಿಲ್ಲೆ ದಾಟಿ ನಮ್ಮ ಇಂಡಿ, ಅಫಜಲಪುರಗಳ ಕಡೆಗೆ ಬರುತ್ತವೆ. ಉಜನಿ ಅಣೆಕಟ್ಟಿನ ಹಿನ್ನೀರು ತಾಲ್ಲೂಕಿನ ಉತ್ತರದ ಅಂಚನ್ನೆಲ್ಲ ತುಂಬಿಕೊಂಡಿದೆ. ನೀರಾ ಎಡದಂಡೆ ಕಾಲುವೆ ಬಾರಾಮತಿ ದಾಟಿ ಇಲ್ಲಿಗೆ ಬರುತ್ತದೆ. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಭವಾನಿನಗರ, ಬಿಜವಡಿ, ಶಹಾಜಿನಗರಗಳ ಸಕ್ಕರೆ ಕಾರ್ಖಾನೆಗಳು ಬಂದವು. ನೀರಾವರಿಯ ರೈತ ಊರಿನ ಗಾವಠಾಣದ ಒಳಗೆ ಉಳಿಯಲಿಲ್ಲ. ಬಾವಿ, ಮೋಟಾರು, ದನ ಇದ್ದಲ್ಲಿಗೇ ಮನೆ ಕಟ್ಟಿಕೊಂಡ. ಅಣ್ಣತಮ್ಮಂದಿರ ನಾಲ್ಕಾರು ಮನೆಗಳು, ಆಚೆ ಹೊಲಗೆಲಸದವರ ಒಂದಷ್ಟು ಗುಡಿಸಲು ಸೇರಿ ಒಂದು ವಸ್ತಿ. ವಿಜಯಪುರ, ಅಥಣಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ಮನೆತನದ ಹೆಸರು ಹೊತ್ತ ವಸ್ತಿಗಳಿವೆ, ತೋಟದ ಶಾಲೆಗಳಿವೆ. ಊರೊಂದರ ಹೆಸರಿನಲ್ಲಿ ನಾಲ್ಕೈದು ಕಿಲೋಮೀಟರ್ ಸುತ್ತಳತೆಯಲ್ಲಿ ಚೆದುರಿದ ವಸ್ತಿಗಳಿರುವಾಗ ಅಲ್ಲಿಯ ಶಾಲೆ ಚಿಕ್ಕದಾಗಿಯೇ ಇರುತ್ತದೆ. ಚಿಕ್ಕದಾಗಿರಲೆಂದೇ ಅದನ್ನು ತೆರೆದದ್ದು. 2000ದ ಇಸವಿಯ ಹೊತ್ತಿಗೆ ಮಹಾರಾಷ್ಟ್ರ ಸರ್ಕಾರ 'ವಸ್ತಿಶಾಳಾ' ಎಂಬ ಯೋಜನೆ ಮಾಡಿ, ಊರಿನದೇ ಓದಿದ ಹುಡುಗ ಹುಡುಗಿಯರಿಗೆ ತಿಂಗಳಿಗೆ ಸಾವಿರ ರೂಪಾಯಿ ಗೌರವಧನ ಕೊಟ್ಟು ಮನೆಯ ಪಡಸಾಲೆಯಲ್ಲೋ ಮಾರುತಿ ಗುಡಿಯ ಕಟ್ಟೆಯಲ್ಲೋ ಪಾಠ ಶುರುಮಾಡಿಸಿತು. ಮಗುವಿದ್ದಲ್ಲಿಗೆ ಶಾಲೆ ಹೋಗಬೇಕು ಎಂಬುದು ಆಗಿನ ನಿಲುವು. ಎರಡೇ ದಶಕಗಳಲ್ಲಿ ಅದೇ ಸರ್ಕಾರ ಚಿಕ್ಕತನವನ್ನೇ ಆ ಶಾಲೆಗಳ ದೋಷ ಎಂದು ಎಣಿಸತೊಡಗಿತು.

ಸಂಖ್ಯೆ ಯಾಕೆ ಇಳಿಯಿತು ಎಂಬುದಕ್ಕೆ ಬರೋಣ. ಮೊದಲನೆಯ ಕಾರಣ ಎಲ್ಲರ ಮನೆಯಲ್ಲೂ ಕಾಣುವಂಥದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಮಹಾರಾಷ್ಟ್ರದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.9 ಮಕ್ಕಳು. 2019-21ರ ಹೊತ್ತಿಗೆ ಅದು 1.7ಕ್ಕೆ ಬಂತು. ಅಜ್ಜನ ಕಾಲಕ್ಕೆ ಐದಾರು ಮಕ್ಕಳಿದ್ದ ವಾಡೆಯಲ್ಲಿ ಈಗ ಒಬ್ಬಳು ಮಗಳು, ಒಬ್ಬ ಮಗ. ಅವರಲ್ಲೂ ಒಬ್ಬರು ಹಡಪಸರದ ಫ್ಲ್ಯಾಟಿನಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿರುತ್ತಾರೆ. ಹುಟ್ಟುವ ಮಕ್ಕಳೇ ಕಡಿಮೆಯಾದಾಗ ಒಂದನೇ ಇಯತ್ತೆಗೆ, ಅಂದರೆ ತರಗತಿಗೆ, ಹೆಸರು ಹಚ್ಚುವ ಮಕ್ಕಳೂ ಕಡಿಮೆಯಾಗುತ್ತಾರೆ. ಇದರಲ್ಲಿ ಗುರೂಜಿಯ ಪಾಠದ ತಪ್ಪೇನಿದೆ? ಕುಟುಂಬ ಯೋಜನೆ ಯಶಸ್ವಿಯಾಯಿತೆಂದು ಒಂದು ಇಲಾಖೆ ಹೇಳಿಕೊಳ್ಳುವ ಸಂಗತಿಯೇ ಇನ್ನೊಂದು ಇಲಾಖೆಯಲ್ಲಿ ಶಾಲೆಯ ವೈಫಲ್ಯ ಎಂದು ದಾಖಲಾಗುತ್ತಿದೆ.

ಎರಡನೆಯದು ಪೂರ್ತಿ ಸರ್ಕಾರದ್ದೇ. 2012ರಲ್ಲಿ ಮಹಾರಾಷ್ಟ್ರ ಸ್ವಯಂ ಅರ್ಥಸಹಾಯದ ಶಾಲೆಗಳ ಕಾಯ್ದೆ ತಂದಿತು. ಅಲ್ಲಿಂದ ಮುಂದೆ ಅನುದಾನ ಕೇಳದೆ ಶುಲ್ಕದಿಂದ ನಡೆಯುವ ಶಾಲೆಗೆ ಪರವಾನಗಿ ಸಿಗುವುದು ಸಲೀಸಾಯಿತು. ಹೆದ್ದಾರಿಯ ಬದಿಯಲ್ಲಿ, ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗಳು ಎದ್ದವು. ಬೆಳಿಗ್ಗೆ ಏಳೂವರೆಗೆ ಹಳದಿ ಬಸ್ಸು ವಸ್ತಿಯ ಬಾಗಿಲಿಗೇ ಬಂದು ಹಾರ್ನ್ ಹೊಡೆಯತೊಡಗಿತು. ಅದೇ 2012ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಶಿಕ್ಷಕರ ನೇಮಕಾತಿಗೆ ತಡೆ ಹಾಕಿತು. ಮುಂದೆ ಪವಿತ್ರ ಪೋರ್ಟಲ್ ಮೂಲಕ ನೇಮಕಾತಿ ಮತ್ತೆ ಶುರುವಾಗಿ ಆಯ್ಕೆಯ ಪಟ್ಟಿ ಬರುವಷ್ಟರಲ್ಲಿ ಏಳು ವರ್ಷ ಕಳೆದಿತ್ತು. ಆ ಏಳು ವರ್ಷ ಹಳ್ಳಿಯ ತಾಯಿ ಕಂಡದ್ದು ಇಷ್ಟು: ಒಂದು ಕಡೆ ಮನೆಯ ಮುಂದೆ ಬಂದು ನಿಲ್ಲುವ ಬಸ್ಸು, ತರಗತಿಗೊಬ್ಬ ಟೀಚರು. ಇನ್ನೊಂದು ಕಡೆ ನಿವೃತ್ತರಾದ ಗುರೂಜಿಯ ಖುರ್ಚಿ ಖಾಲಿ, ಇದ್ದ ಒಬ್ಬರು ಕೇಂದ್ರದ ಸಭೆಗೆ ಹೋದರೆ ಶಾಲೆಗೇ ರಜೆ. ಆಕೆ ಮಗನನ್ನು ಬಸ್ಸಿಗೆ ಹತ್ತಿಸಿದ್ದು ಸಹಜ. ತೂಬು ತೆರೆದು ನೀರು ಹರಿಯಬಿಟ್ಟವರೇ ಕೆರೆ ಬತ್ತಿತೆಂದು ದೂರುತ್ತಿದ್ದಾರೆ.

ಮಗನನ್ನು ಎಂದೆ. ಬೇಕೆಂದೇ ಹಾಗೆ ಹೇಳಿದೆ. ಇಂಥ ಮನೆಗಳಲ್ಲಿ ಬಸ್ಸು ಹತ್ತುವವನು ಹೆಚ್ಚಾಗಿ ಹುಡುಗ. ಅಕ್ಕನೋ ತಂಗಿಯೋ ಜಿಲ್ಲಾ ಪರಿಷತ್ ಶಾಲೆಯಲ್ಲೇ ಉಳಿಯುತ್ತಾಳೆ. ಅವಳ ಜೊತೆಗೆ ಉಳಿಯುವವರು ಹೊಲಗೆಲಸದವರ ಮಕ್ಕಳು, ಪಾರಧಿ, ವಡ್ಡರ, ಕೈಕಾಡಿ ಮಕ್ಕಳು, ಇಟ್ಟಿಗೆ ಭಟ್ಟಿಯವರ ಮಕ್ಕಳು. ಇಪ್ಪತ್ತರ ಗೆರೆಯ ಕೆಳಗೆ ಬಿದ್ದ ಶಾಲೆಯನ್ನು ಮುಚ್ಚಿದರೆ ಪೆಟ್ಟು ಬೀಳುವುದು ಇವರಿಗೇ. ಶಾಲೆ ಬಿಟ್ಟುಹೋದವರಿಗೆ ಅದರಿಂದ ಏನೂ ಆಗುವುದಿಲ್ಲ.

ಎಣಿಕೆಯಲ್ಲೇ ಬಾರದ ಮಕ್ಕಳ ಮಾತನ್ನೂ ಇಲ್ಲಿ ಹೇಳಬೇಕು. ದೀಪಾವಳಿಯ ಹೊತ್ತಿಗೆ ಕಾರ್ಖಾನೆಗಳ ಹಂಗಾಮು ಶುರುವಾಗುತ್ತದೆ. ಬೀಡ, ಅಹಿಲ್ಯಾನಗರ ಜಿಲ್ಲೆಗಳಿಂದ ಕಬ್ಬು ಕಡಿಯುವವರು ಬರುತ್ತಾರೆ. ನಮ್ಮ ವಿಜಯಪುರ ಕಡೆಯ ತಾಂಡಾಗಳಿಂದ ಹೀಗೆ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೋಗುವವರೂ ಇದ್ದಾರೆ. ಗಂಡ ಹೆಂಡತಿ ಸೇರಿ ಒಂದು 'ಕೋಯತಾ'. ಕೂಲಿಯವರನ್ನು ಕರೆತರುವ ಮುಕಾದಮ ಉಚಲು (ಮುಂಗಡ) ಕೊಡುವುದು ಕೋಯತಾದ ಲೆಕ್ಕಕ್ಕೆ, ಕಾರ್ಖಾನೆ ಎಣಿಸುವುದೂ ಕೋಯತಾವನ್ನೇ. ಆ ಜೋಡಿಯ ಜೊತೆಗೆ ಎತ್ತಿನ ಗಾಡಿಯಲ್ಲಿ ಬಂದ ಎರಡು ಮೂರು ಮಕ್ಕಳು ಯಾವ ಲೆಕ್ಕದಲ್ಲೂ ಇಲ್ಲ. ಅವರ ಹೆಸರು ಬೀಡಿನ ಯಾವುದೋ ಶಾಲೆಯ ಹಾಜರಿಯಲ್ಲಿರುತ್ತದೆ, ಅಲ್ಲಿ ಅವರು ಗೈರು. ಮಾರ್ಚ್ ಏಪ್ರಿಲ್‌ವರೆಗೂ ಅವರು ಇಂದಾಪುರದ ಕೋಪಿಗಳಲ್ಲಿ, ಅಂದರೆ ಬಿಡಾರದ ಗುಡಿಸಲುಗಳಲ್ಲಿ, ತಮ್ಮ ತಂಗಿಯರನ್ನು ಆಡಿಸಿಕೊಂಡು, ಕಬ್ಬಿನ ಸೋಗೆ ಕಟ್ಟಿಕೊಂಡು ಇರುತ್ತಾರೆ, ಇಲ್ಲಿಯ ಹಾಜರಿಯಲ್ಲಿ ಹೆಸರಿಲ್ಲ. ಹೀಗಾಗಿ ಒಂದೇ ಮಗು ಎರಡು ಶಾಲೆಗಳ ಸಂಖ್ಯೆಯನ್ನು ಇಳಿಸುತ್ತದೆ. ಶಿಕ್ಷಣ ಹಮೀ ಕಾರ್ಡ್ ಎಂಬ ವ್ಯವಸ್ಥೆ ಇದೆ. ವಲಸೆ ಹೋದ ಮಗು ಆ ಕಾರ್ಡ್ ತೋರಿಸಿದರೆ ಹೋದೂರಿನ ಶಾಲೆ ಸೇರಿಸಿಕೊಳ್ಳಬೇಕು. ಆ ಕಾರ್ಡಿಗೆ ಅರ್ಥ ಬರುವುದು ಕೋಪಿಯಿಂದ ಮಗು ನಡೆದು ಹೋಗುವಷ್ಟು ಹತ್ತಿರ ಶಾಲೆಯೊಂದು ತೆರೆದಿದ್ದರೆ ಮಾತ್ರ. ಕಡಿಯುವವರ ಟೋಳಿ ಬಿಡಾರ ಹೂಡುವುದು ಕಬ್ಬಿನ ಹೊಲಗಳ ನಡುವೆ, ವಸ್ತಿಶಾಲೆ ಇರುವುದೂ ಅಲ್ಲೇ. ತಾಲ್ಲೂಕಿನ ಊರಿನ ಸಮೂಹ ಶಾಲೆಗೆ ಈ ಮಗುವನ್ನು ಕರೆದೊಯ್ಯುವವರು ಯಾರು? ಅವ್ವ ಬೆಳಗಿನ ಜಾವ ನಾಲ್ಕಕ್ಕೇ ಕಬ್ಬಿನ ಫಡಕ್ಕೆ ಇಳಿದಿರುತ್ತಾಳೆ.

ಇನ್ನು ಗುಣಮಟ್ಟದ ಮಾತು. ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಲಿಯುವುದಿಲ್ಲ, ಖಾಸಗಿಯಲ್ಲಿ ಕಲಿಯುತ್ತಾರೆ ಎನ್ನುವವರು ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿಯನ್ನು ಮುಂದೆ ಇಡುತ್ತಾರೆ. ಅದನ್ನೇ ನೋಡೋಣ. ದೇಶದ ಗ್ರಾಮೀಣ ಭಾಗದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಶೇ. 44.2, ಖಾಸಗಿಯಲ್ಲಿ ಶೇ. 65.1. ಕೋವಿಡ್ ನಂತರ 2022ರಲ್ಲಿ ಎರಡೂ ಕುಸಿದವು. 2024ರ ಹೊತ್ತಿಗೆ ಸರ್ಕಾರಿ ಶಾಲೆಗಳು ಶೇ. 44.8ಕ್ಕೆ ಬಂದು ಹಳೆಯ ಮಟ್ಟವನ್ನು ದಾಟಿದವು, ಖಾಸಗಿ ಶಾಲೆಗಳು ಶೇ. 59.3ರಲ್ಲೇ ನಿಂತವು. ಆರು ವರ್ಷಗಳಲ್ಲಿ ನಡುವಿನ ಅಂತರ ಸುಮಾರು 21 ಅಂಶಗಳಿಂದ 14.5ಕ್ಕೆ ಇಳಿದಿದೆ. ಖಾಸಗಿಯ ಸಂಖ್ಯೆ ಇನ್ನೂ ಮೇಲಿದೆ, ಒಪ್ಪುತ್ತೇನೆ. ಆದರೆ ಆ ಮೇಲಿನ ಸಂಖ್ಯೆಯಲ್ಲಿ ಓದಿದ ತಾಯಿಯ ಪಾಲೆಷ್ಟು, ಸಂಜೆಯ ಟ್ಯೂಶನ್ನಿನ ಪಾಲೆಷ್ಟು, ಹೊಟ್ಟೆ ತುಂಬ ಉಂಡು ಬರುವ ಮಗುವಿನ ಪಾಲೆಷ್ಟು ಎಂದು ಬಿಡಿಸಿ ನೋಡದೆ ಅದಷ್ಟನ್ನೂ ಶಾಲೆಯ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಶುಲ್ಕ ಕೊಡಬಲ್ಲ ಮನೆಯ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಶಾಲೆಯನ್ನೂ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆಯನ್ನೂ ಒಂದೇ ಓಟದಲ್ಲಿ ನಿಲ್ಲಿಸಿ ಗೆದ್ದವರು ಯಾರೆಂದು ಕೇಳುವುದರಲ್ಲಿ ನ್ಯಾಯವಿಲ್ಲ.

ಸಂಖ್ಯೆ ತೀರ್ಪಲ್ಲ ಎಂಬುದಕ್ಕೆ ಇದೇ ಪುಣೆ ಜಿಲ್ಲಾ ಪರಿಷತ್ತಿನಲ್ಲೇ ಕಣ್ಣ ಮುಂದಿನ ಸಾಕ್ಷಿ ಇದೆ. ಖೇಡ ತಾಲ್ಲೂಕಿನ ಜಾಲಿಂದರನಗರದ ಶಾಲೆಯಲ್ಲಿ 2022ರಲ್ಲಿ ಉಳಿದಿದ್ದವರು ಮೂವರೇ ಮಕ್ಕಳು. ಬೀಗ ಬೀಳುವುದೊಂದೇ ಬಾಕಿ. ಆಗ ಅಲ್ಲಿಗೆ ಬಂದ ಶಿಕ್ಷಕ ದತ್ತಾತ್ರೇಯ ವಾರೆ ಊರಿನವರನ್ನು ಜೊತೆಗೆ ಕಟ್ಟಿಕೊಂಡು ಶಾಲೆಯನ್ನು ಎತ್ತಿ ನಿಲ್ಲಿಸಿದರು. ಒಂದು ವಿಷಯದಲ್ಲಿ ಮುಂದಿರುವ ಮಗು ಉಳಿದವರಿಗೆ ಕಲಿಸುವ ಪದ್ಧತಿ ಅಲ್ಲಿಯದು. ಮೂರಿದ್ದ ಮಕ್ಕಳ ಸಂಖ್ಯೆ ನೂರಿಪ್ಪತ್ತರ ಆಚೆ ಹೋಯಿತು. 2025ರಲ್ಲಿ ಜಗತ್ತಿನ ಉತ್ತಮ ಶಾಲೆಗಳ ಪ್ರಶಸ್ತಿಯ ಸಾಲಿನಲ್ಲಿ ಆ ಶಾಲೆ ಸಮುದಾಯದ ಆಯ್ಕೆಯ ಪ್ರಶಸ್ತಿ ಪಡೆಯಿತು. ಇಪ್ಪತ್ತರ ಗೆರೆಯನ್ನು 2022ರಲ್ಲೇ ಕಟ್ಟುನಿಟ್ಟಾಗಿ ಎಳೆದಿದ್ದರೆ ಈ ಶಾಲೆ ಇರುತ್ತಿರಲಿಲ್ಲ. ಮೂರು ಎಂಬ ಅಂಕಿ ಆ ಶಾಲೆ ಏನಾಗಬಲ್ಲದು ಎಂಬುದರ ಬಗ್ಗೆ ಒಂದಕ್ಷರವನ್ನೂ ಹೇಳಿರಲಿಲ್ಲ.

ಇಂದಾಪುರದಿಂದ ಭೀಮೆ ದಾಟಿದರೆ ಸೋಲಾಪುರ ಜಿಲ್ಲೆಯ ಮಾಢಾ ತಾಲ್ಲೂಕು. ಅಲ್ಲಿಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ರಣಜಿತಸಿಂಹ ಡಿಸಲೆ 2020ರಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದು, ಅರ್ಧ ಹಣವನ್ನು ಜೊತೆಯ ಒಂಬತ್ತು ಮಂದಿಗೆ ಹಂಚಿದ್ದು ನೆನಪಿರಬೇಕು. ಅವರು ಸೇರಿದಾಗ ಶಾಲೆಯ ಕಟ್ಟಡ ದನದ ಕೊಟ್ಟಿಗೆಗೂ ಸಾಮಾನಿನ ಕೋಣೆಗೂ ನಡುವೆ ಸಿಕ್ಕಿಕೊಂಡಿತ್ತೆಂದು ಪ್ರಶಸ್ತಿ ಕೊಟ್ಟ ಸಂಸ್ಥೆ ಬರೆದಿದೆ. ಕನ್ನಡಿಗರಾದ ನಮಗೆ ಮುಖ್ಯವಾದ ಮಾತು ಅದೇ ಪ್ರಕಟಣೆಯಲ್ಲಿದೆ: ಮಕ್ಕಳ ಮನೆಮಾತು ಕನ್ನಡ, ಪಠ್ಯ ಬೇರೆ ಭಾಷೆಯದು. ಆದ್ದರಿಂದ ಆ ಶಿಕ್ಷಕರು ತಾವೇ ಕನ್ನಡ ಕಲಿತು, ಪಾಠಗಳನ್ನು ಮಕ್ಕಳ ಮಾತಿಗೆ ತಂದು, ಪುಟಗಳಿಗೆ ಕ್ಯೂಆರ್ ಕೋಡ್ ಅಂಟಿಸಿ ದನಿ ಮತ್ತು ಚಿತ್ರಗಳನ್ನು ಸೇರಿಸಿದರು. ಕ್ಯೂಆರ್ ಕೋಡಿನ ಪಠ್ಯಪುಸ್ತಕಗಳನ್ನು ಮುಂದೆ ರಾಜ್ಯವೂ ಆಮೇಲೆ ಎನ್‌ಸಿಇಆರ್‌ಟಿಯೂ ತಂದವು. ಇಂಥ ಕೆಲಸ ಹುಟ್ಟಿದ್ದು ಮಗುವಿನ ಮನೆಯ ಭಾಷೆ ಮಾಸ್ತರರಿಗೆ ಕೇಳಿಸುವಷ್ಟು ಚಿಕ್ಕದಾದ ಶಾಲೆಯಲ್ಲಿ. ಐನೂರು ಮಕ್ಕಳ ಸಂಕುಲದಲ್ಲಿ ಮೂಲೆಯ ಬೆಂಚಿನ ಇಬ್ಬರು ಕನ್ನಡ ಮಕ್ಕಳು ಯಾರ ಕಿವಿಗೂ ಬೀಳುವುದಿಲ್ಲ.

ಇವೆಲ್ಲ ಅಪವಾದ, ಎಲ್ಲ ಶಿಕ್ಷಕರೂ ಹೀಗಿರುವುದಿಲ್ಲ ಎಂಬ ಉತ್ತರ ಕೂಡಲೇ ಬರುತ್ತದೆ. ಹೌದು, ಇರುವುದಿಲ್ಲ. ಶಾಲೆಯನ್ನು ಹೆಸರಿಗೆ ನಡೆಸಿ ಮಧ್ಯಾಹ್ನವೇ ಮೋಟಾರ್ ಸೈಕಲ್ ಹತ್ತುವವರೂ ಇದ್ದಾರೆ. ಅವರ ಮೇಲೆ ಕ್ರಮ ಕೈಗೊಳ್ಳಲು ಕೇಂದ್ರ ಪ್ರಮುಖರಿದ್ದಾರೆ, ವಿಸ್ತಾರ ಅಧಿಕಾರಿಗಳಿದ್ದಾರೆ, ಗಟಶಿಕ್ಷಣಾಧಿಕಾರಿಗಳಿದ್ದಾರೆ. ಕೆಲಸ ಮಾಡದ ಶಿಕ್ಷಕನನ್ನು ದೊಡ್ಡ ಶಾಲೆಗೆ ವರ್ಗ ಮಾಡಿದ ಮಾತ್ರಕ್ಕೆ ಅವನು ಕೆಲಸ ಮಾಡುವವನಾಗುವುದಿಲ್ಲ. ಶಿಕ್ಷೆ ಮಾತ್ರ ಶಾಲೆ ಕಳೆದುಕೊಂಡ ಮಗುವಿಗೆ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು: ಒಬ್ಬರೋ ಇಬ್ಬರೋ ಶಿಕ್ಷಕರು ನಾಲ್ಕು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಹೇಗೆ ಕಲಿಸುತ್ತಾರೆ? ಕಲಿಸುವುದನ್ನು ನಾನು ನೋಡಿದ್ದೇನೆ. ಕಾಲುವೆಯ ಬದಿಯ ಒಂದು ವಸ್ತಿಶಾಲೆ, ಮೇಲೆ ತಗಡಿನ ಪತ್ರಾ, ನೆಲಕ್ಕೆ ಶಹಾಬಾದ್ ಫರಸಿ. ನೆಲದ ಮೇಲೆಯೇ ಬಣ್ಣದಲ್ಲಿ ಬಳ್ಳಿಯಂತೆ ಬರೆದ ಅಕ್ಷರಗಳು, ನೂರರವರೆಗಿನ ಅಂಕಿಗಳು. ಒಂದನೆಯವರು ಹುಣಸೆಬೀಜ ಹತ್ತತ್ತರಂತೆ ಕೂಡಿಸಿ ಅಂಕಿಯ ಮೇಲೆ ಇಡುತ್ತಿದ್ದರು. ಗುರೂಜಿ ಮೂರನೆಯವರಿಗೆ ಭಾಗಾಕಾರ ಹೇಳಿಕೊಡುವಾಗ ನಾಲ್ಕನೆಯ ಹುಡುಗಿಯೊಬ್ಬಳು ಎರಡನೆಯ ಹುಡುಗನ ಬೆರಳು ಹಿಡಿದು ಸಾಲು ಓದಿಸುತ್ತಿದ್ದಳು. ಅವನು ತಡವರಿಸಿದಲ್ಲಿ ಗುರೂಜಿ ಇತ್ತ ತಿರುಗದೆಯೇ ಆ ಪದವನ್ನು ಹೇಳಿಕೊಟ್ಟರು. ಅವರ ಒಂದು ಕಿವಿ ಸದಾ ಈ ಕಡೆಗಿತ್ತು. ಹೊರಗೆ ಖಿಚಡಿ ಬೇಯಿಸುತ್ತಿದ್ದ ತಾಯಿ ಎರಡು ಸಲ ಒಳಗೆ ಬಂದು, ಬಾರದ ಮಗುವಿನ ಮನೆಯ ಸುದ್ದಿ ಹೇಳಿ ಹೋದಳು. ಪಾಠ ಮುರಿದದ್ದು ಒಂದೇ ಸಲ, ಯಾವುದೋ ಮಾಹಿತಿಯನ್ನು ಆ ಕ್ಷಣವೇ ಆನ್‌ಲೈನ್ ತುಂಬಿ ಎಂಬ ಫೋನ್ ಬಂದಾಗ.

ಇದು ಹಳ್ಳಿಯ ಮಾಸ್ತರರ ಹತಾಶ ಉಪಾಯವಲ್ಲ, ಹಿಂದೆ ಗಟ್ಟಿ ಶಾಸ್ತ್ರವಿರುವ ಪದ್ಧತಿ. ಕನ್ನಡಿಗರಿಗೆ ಇದು ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿಯನ್ನು ಕಟ್ಟಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುವ ಆ ಕ್ರಮ ಆಮೇಲೆ ಇಡೀ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹರಡಿತು. ಮಹಾರಾಷ್ಟ್ರದಲ್ಲಿ ಸಾತಾರಾ ಜಿಲ್ಲೆಯ ಕುಮಠೆ ಬೀಟಿನ ಜಿಲ್ಲಾ ಪರಿಷತ್ ಶಾಲೆಗಳಿಂದ ಹೊರಟ ಜ್ಞಾನರಚನಾವಾದದ ಅಲೆಯೇ 2015ರ 'ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ' ಕಾರ್ಯಕ್ರಮಕ್ಕೆ ದಾರಿಯಾಯಿತು. ಈ ಎರಡೂ ಬದಲಾವಣೆಗಳು ಹುಟ್ಟಿದ್ದು ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ. ಕಟ್ಟಡ ದೊಡ್ಡದಾದರೆ ಕಲಿಕೆ ಸುಧಾರಿಸುತ್ತದೆ ಎನ್ನುವವರು ಇವುಗಳ ಎದುರಿಗೆ ಇಡಲು ಏನನ್ನು ತರುತ್ತಾರೆ? ಪಾನಶೇತ್ ಮತ್ತು ನಂದುರಬಾರದ ತೋರಣಮಾಳ ಎಂಬ ಎರಡು ಮಾದರಿಗಳ ಹೆಸರು ಹೇಳುತ್ತಾರೆ. ವಿಶೇಷ ಗಮನ, ವಿಶೇಷ ಹಣ ಇಟ್ಟು ನಡೆಸಿದ ಎರಡು ಶಾಲೆಗಳ ಬಲದ ಮೇಲೆ ಹದಿನಾಲ್ಕು ಸಾವಿರ ಶಾಲೆಗಳ ಹಣೆಬರಹ ಬರೆಯುವುದು ದುಡುಕು.

ಖರ್ಚಿನ ಲೆಕ್ಕವನ್ನು ತಪ್ಪಿಸಿಕೊಳ್ಳಲು ನನಗೆ ಇಷ್ಟವಿಲ್ಲ. ಆಯುಕ್ತರ ಕಚೇರಿಯ ಅಂಕಿಗಳ ಪ್ರಕಾರವೇ ಆ ಶಾಲೆಗಳಲ್ಲಿದ್ದ ಶಿಕ್ಷಕರು 29,707, ಅಂದರೆ ಆರು ಮಕ್ಕಳಿಗೆ ಒಬ್ಬರು. ದುಬಾರಿ ನಿಜ. ಚೆದುರಿದ ನೆಲೆಯಲ್ಲಿ ಎಲ್ಲ ಸಾರ್ವಜನಿಕ ಸೇವೆಯೂ ದುಬಾರಿ. ಇದೇ ವಸ್ತಿಗಳಿಗೆ ಕರೆಂಟಿನ ಕಂಬ ಎಳೆಯುವಾಗ, ಇದೇ ಹೊಲಗಳಿಗೆ ಕಾಲುವೆಯ ನೀರು ಹರಿಸುವಾಗ, ಇಲ್ಲಿಯ ಕಬ್ಬು ಅರೆಯುವ ಕಾರ್ಖಾನೆಗಳ ಸಾಲಕ್ಕೆ ಸರ್ಕಾರ ಖಾತರಿ ನಿಲ್ಲುವಾಗ ತಲೆಗೆಷ್ಟು ಬಿತ್ತೆಂದು ಯಾರೂ ಭಾಗಿಸಿ ನೋಡಲಿಲ್ಲ. ಮಗುವಿನ ಸರದಿ ಬಂದಾಗ ಮಾತ್ರ ಭಾಗಾಕಾರ ಶುರುವಾಗುವುದು ಯಾಕೆ? ಇನ್ನೂ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಮೀಸಲು ಸೀಟುಗಳಿಗಾಗಿ ಖಾಸಗಿ ಶಾಲೆಗಳಿಗೆ ಪ್ರತಿ ಮಗುವಿಗೆ ವರ್ಷಕ್ಕೆ 17,670 ರೂಪಾಯಿವರೆಗೆ ಮರುಪಾವತಿಸಲು ಒಪ್ಪಿಕೊಂಡದ್ದೂ ಇದೇ ಸರ್ಕಾರ. 2024ರ ಫೆಬ್ರವರಿಯಲ್ಲಿ, ಒಂದು ಕಿಲೋಮೀಟರಿನೊಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟುಗಳನ್ನು ಕೊಡಬೇಕಿಲ್ಲ ಎಂದು ನಿಯಮ ತಿದ್ದಿತು. ಅದೇ ವರ್ಷದ ಜುಲೈ 19ರಂದು ಮುಂಬಯಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು. ನಡುವೆ ಮಾರ್ಚ್ 15ರಂದು ಬಂದ ಶಿಕ್ಷಕ ಹುದ್ದೆಗಳ ಸಂಚಮಾನ್ಯತೆ ಆದೇಶದಲ್ಲಿ, ಆರರಿಂದ ಎಂಟನೇ ಇಯತ್ತೆಯಲ್ಲಿ ಇಪ್ಪತ್ತರೊಳಗೆ ಮಕ್ಕಳಿದ್ದರೆ ಕಾಯಂ ಶಿಕ್ಷಕ ಹುದ್ದೆಯೇ ಇಲ್ಲದಂತಾಯಿತು. ಒಂದು ಆದೇಶದಲ್ಲಿ ಸರ್ಕಾರಿ ಶಾಲೆ ಹತ್ತಿರವಿದೆ ಎಂಬ ನೆಪ, ಇನ್ನೊಂದರಲ್ಲಿ ಅದೇ ಶಾಲೆಯ ಶಿಕ್ಷಕನಿಗೆ ಕತ್ತರಿ. ಬಡವರ ಮಗುವಿಗೆ ಎರಡೂ ಬಾಗಿಲುಗಳನ್ನು ಒಟ್ಟಿಗೆ ಮುಚ್ಚುವ ಈ ನಡೆಯನ್ನು ಉಳಿತಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಬಸ್ಸು ಕೊಡುತ್ತೇವೆ ಎನ್ನುತ್ತಾರೆ. ಆಗಸ್ಟ್ ಸೆಪ್ಟೆಂಬರಿನಲ್ಲಿ ಇಂದಾಪುರದ ವಸ್ತಿಯ ದಾರಿಯಲ್ಲಿ ನಡೆದು ನೋಡಬೇಕು. ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು, ಕಾಲ ಕೆಳಗೆ ಕರಿಮಣ್ಣಿನ ಕೆಸರು. ಟ್ರ್ಯಾಕ್ಟರ್ ಬಿಟ್ಟರೆ ಬೇರೆ ಗಾಡಿ ಒಳಗೆ ಬರುವುದಿಲ್ಲ. ಬಸ್ಸು ನಿಲ್ಲುವುದು ಡಾಂಬರು ರಸ್ತೆಯಲ್ಲಿ, ಮಗು ಅಲ್ಲಿಯವರೆಗೆ ಆ ಕಬ್ಬಿನ ನಡುವೆ ನಡೆಯಬೇಕು. ಕಬ್ಬಿನಲ್ಲಿ ಚಿರತೆ ಬೀಡು ಬಿಟ್ಟಿರುವುದು ಪುಣೆ ಜಿಲ್ಲೆಯ ಜನಕ್ಕೆ ಹೊಸದಲ್ಲ. ಹಿನ್ನೀರಿನ ಆಚೆ ದಡದ ಕರಮಾಳಾ ತಾಲ್ಲೂಕಿನಲ್ಲಿ 2020ರ ಡಿಸೆಂಬರಿನಲ್ಲಿ ಜನರನ್ನು ಕೊಂದ ಚಿರತೆಯನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು. ಹಿನ್ನೀರಿನ ಪ್ರಯಾಣ ಎಂಥದ್ದೆಂಬುದು 2024ರ ಮೇ 21ರ ಸಂಜೆ ಇನ್ನೊಮ್ಮೆ ತಿಳಿಯಿತು. ಆಚೆ ದಡದ ಕುಗಾವದಿಂದ ಇಂದಾಪುರದ ಕಳಾಶಿಗೆ ಬರುತ್ತಿದ್ದ ದೋಣಿ ಗಾಳಿಗೆ ಮಗುಚಿ ಆರು ಮಂದಿ ನೀರುಪಾಲಾದರು. ಇಂಥ ನೆಲದಲ್ಲಿ ಆರು ವರ್ಷದ ಹುಡುಗಿಯ ಶಾಲೆಯನ್ನು ನಾಲ್ಕು ಕಿಲೋಮೀಟರ್ ದೂರ ಒಯ್ದರೆ ಅಪ್ಪ ಅವಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಾನೆ. ನಾಲ್ಕನೆಯದು ಮುಗಿಯುವುದರೊಳಗೆ ಅವಳ ಓದು ನಿಲ್ಲುತ್ತದೆ. ಮುಂದೆ ಮದುವೆಯ ವಯಸ್ಸು ಕಾಯ್ದೆಯಲ್ಲಿ ಎಷ್ಟಿದ್ದರೇನು? ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಎಂದು ನಿಯಮ ಮಾಡಿದವರು ಮಗುವಿನ ಕಾಲಿನ ಅಳತೆ ತಿಳಿದೇ ಮಾಡಿದ್ದರು.

ಇಷ್ಟು ಹೊತ್ತು ಮಹಾರಾಷ್ಟ್ರದ ಮಾತಾಡಿದೆ. ಕರ್ನಾಟಕದ ಓದುಗ ಇದನ್ನು ದೂರದ ಸುದ್ದಿಯೆಂದು ಓದಬಾರದು. 2018ರ ಜುಲೈ ಬಜೆಟ್ಟಿನಲ್ಲಿ 28,847 ಶಾಲೆಗಳನ್ನು 8,530 ಶಾಲೆಗಳಿಗೆ ಸೇರಿಸುವುದಾಗಿ ನಮ್ಮ ಸರ್ಕಾರವೇ ಹೇಳಿತ್ತು. ಆಗ ಎದ್ದ ವಿರೋಧ ಎಲ್ಲರಿಗೂ ಗೊತ್ತು. ಈಗ ಕರ್ನಾಟಕ ಪಬ್ಲಿಕ್ ಶಾಲೆಗಳ ಹೆಸರಿನಲ್ಲಿ ಸುತ್ತಲಿನ ಚಿಕ್ಕ ಶಾಲೆಗಳ ಮಕ್ಕಳನ್ನು ಒಂದೆಡೆ ತರುವ ಮಾತು ಮತ್ತೆ ಕೇಳಿಬರುತ್ತಿದೆ. ಆ ದೊಡ್ಡ ಶಾಲೆಗಳು ಬೇಡವೆಂದು ನಾನು ಹೇಳುವುದಿಲ್ಲ. ಹೈಸ್ಕೂಲಿಗೆ ಅವು ಬೇಕು, ಪ್ರಯೋಗಾಲಯಕ್ಕೆ, ಆಟದ ಬಯಲಿಗೆ ಬೇಕು. ಅವುಗಳ ಬೆಲೆಯಾಗಿ ತಾಂಡಾದ, ತೋಟದ, ಹಾಡಿಯ ಕಿರಿಯ ಪ್ರಾಥಮಿಕ ಶಾಲೆಯನ್ನು ಕೊಡಬಾರದು.

ಗಡಿಯ ಆಚೆಯ ಕನ್ನಡ ಶಾಲೆಗಳಿಗಂತೂ ಈ ಗೆರೆ ಇನ್ನೂ ಕಠಿಣ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ತಾಲ್ಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿ ಕನ್ನಡ ಶಾಲೆಯಲ್ಲಿ ಹದಿನೆಂಟು ಮಕ್ಕಳುಳಿದರೆ ಸೇರಿಸಲು ಪಕ್ಕದಲ್ಲಿ ಇನ್ನೊಂದು ಕನ್ನಡ ಶಾಲೆ ಇರುವುದು ಅಪರೂಪ, ಇರುವುದು ಮರಾಠಿ ಶಾಲೆ. ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿದ್ದಕ್ಕೆ 2024ರಲ್ಲಿ ಆಕ್ಷೇಪ ಎದ್ದಿತ್ತು. ಮಾತು ತಿಳಿಯದ ಮಾಸ್ತರರನ್ನು ಕಂಡ ಪಾಲಕರು ಮಗುವನ್ನು ಬಿಡಿಸುತ್ತಾರೆ, ಆಗ ಸಂಖ್ಯೆ ಇಳಿಯುತ್ತದೆ, ಇಳಿದ ಸಂಖ್ಯೆ ಪಟ್ಟಿಗೆ ಹೋಗುತ್ತದೆ. ಅಲ್ಲಿಯ ಕನ್ನಡಿಗರ ಪರವಾಗಿ ಬೆಂಗಳೂರು ಮುಂಬಯಿಗೆ ಪತ್ರ ಬರೆಯುವಾಗ, ಅದೇ ಗೆರೆಯನ್ನು ಇಂಡಿಯಲ್ಲೋ ಅಥಣಿಯಲ್ಲೋ ಎಳೆಯುತ್ತಿದ್ದರೆ ಆ ಪತ್ರಕ್ಕೆ ತೂಕ ಎಲ್ಲಿಂದ ಬರಬೇಕು?

ದೇಶದಲ್ಲಿ 2024-25ರಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1,04,125. ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ, ಇಷ್ಟು ಮಕ್ಕಳಿದ್ದರೆ ಮಾತ್ರ ಎಂಬ ಕೆಳಮಿತಿಯನ್ನು ಅದು ಹಾಕಿಲ್ಲ. ಹಾಗಾಗಿ ಶಾಲೆ ಮುಚ್ಚುವ ಪಟ್ಟಿ ತಯಾರಿಸುವವರನ್ನು ಇಂದಾಪುರದ ಗ್ರಾಮಸಭೆಯೂ ಇಂಡಿಯ ಗ್ರಾಮಸಭೆಯೂ ಕೆಲವು ವಿವರ ಕೇಳಬೇಕು. ಮಕ್ಕಳ ಸಂಖ್ಯೆಯ ಪಕ್ಕದಲ್ಲೇ ಆ ಶಾಲೆಯಲ್ಲಿ ಶಿಕ್ಷಕ ಹುದ್ದೆ ಎಷ್ಟು ವರ್ಷ ಖಾಲಿ ಇತ್ತೆಂದು ಬರೆಯಲಿ. ಸುತ್ತಲಿನ ಎಷ್ಟು ಖಾಸಗಿ ಶಾಲೆಗಳಿಗೆ ಯಾವ ವರ್ಷ ಪರವಾನಗಿ ಕೊಟ್ಟರೆಂದು ಬರೆಯಲಿ. ಹಂಗಾಮಿನ ಆರು ತಿಂಗಳು ಆ ವಸ್ತಿಯ ಸುತ್ತ ಬಿಡಾರ ಹೂಡುವ ಕೋಯತಾಗಳ ಮಕ್ಕಳನ್ನು ಕಾರ್ಖಾನೆಯ ಗಟ ಆಫೀಸಿನ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ಎಣಿಸಲಿ. ಎರಡನೆಯ ಶಿಕ್ಷಕರನ್ನು ಕೊಟ್ಟು, ಮೂರು ವರ್ಷ ಅವರನ್ನು ಪಾಠದ ಹೊರತು ಬೇರೆ ಕೆಲಸಕ್ಕೆ ಎಳೆಯದೆ ಇರಲಿ. ಇದಿಷ್ಟೂ ಆಗುವವರೆಗೆ ಆ ಪಟ್ಟಿಗೆ ಗ್ರಾಮಸಭೆ ಠರಾವು ಕೊಡಬಾರದು.